ಹೊಲಿಗೆ ಮಾಗುವ ಕಾಲದಲ್ಲಿ ಬಿಳಿ ಸೆರಗು



ನಾನು ವೈದ್ಯನಲ್ಲ. ಮೆಟ್ರಿಕ್ ಪಾಸು ಮಾಡಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಈ ಹಿಂದೆ ಇದೇ ಹೊತ್ತಿನಲ್ಲಿ ಬೆಳೆ ಸಾಲ, ಉಳಿತಾಯ ಖಾತೆ, ವಾರಸುದಾರರ ಹೆಸರು ಬರೆಸುವ ಬಗೆ ಎಂದೆಲ್ಲ ಮಾತನಾಡಿದ್ದೇನೆ. ಇಂದಿನ ವಿಷಯ ಬೇರೆ. ಗರ್ಭಕೋಶ ಜಾರಿದ್ದಕ್ಕೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ಹೆಂಗಸಿಗೆ, ಹೊಲಿಗೆ ಇನ್ನೂ ಮಾಗುತ್ತಿರುವಾಗಲೇ ನವೆ ಮತ್ತು ಬಿಳಿ ಸೆರಗು ಕಾಣಿಸಿಕೊಂಡರೆ ಏನು ತಿಳಿಯಬೇಕು, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಹೇಳಬೇಕೆಂದಿದ್ದೇನೆ.

ಇಂಥ ಮಾತನ್ನು ಗಂಡಸು ಆಡುವುದೇ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆಯವರನ್ನು ಕೇಳಿಯೇ ಆಡುತ್ತಿದ್ದೇನೆ. "ಹೇಳಿ, ಯಾರ್ಗಾದ್ರೂ ಉಪಯೋಗ ಆಯ್ತದೆ. ಆದ್ರೆ ನೀವು ಮಾಡಿದ ತಪ್ಪನ್ನೂ ಸೇರಿಸ್ಕೊಂಡು ಹೇಳ್ಬೇಕು" ಎಂದು ಅವರು ಒಪ್ಪಿಗೆ ಕೊಟ್ಟಿದ್ದಾರೆ. ಹಾಗೆಯೇ ಹೇಳುತ್ತೇನೆ.

ಮೊದಲು ಈ ಆಪರೇಷನ್ ಏಕೆ ಬೇಕಾಗುತ್ತದೆ ಎಂಬುದನ್ನು ನೋಡೋಣ. ಹೆಂಗಸರ ಹೊಟ್ಟೆಯ ತಳದಲ್ಲಿ ಮೂತ್ರಕೋಶ, ಗರ್ಭಕೋಶ, ಗುದನಾಳ ಈ ಮೂರನ್ನೂ ಹೊತ್ತುಕೊಂಡಿರುವ ಮಾಂಸಖಂಡಗಳು ಹಗ್ಗದ ಮಂಚದ ಹಾಗೆ ಹೆಣೆದುಕೊಂಡಿವೆ. ಹಗ್ಗ ಸಡಿಲವಾದರೆ ಮಂಚ ಜೋಲು ಬೀಳುವಂತೆ, ಈ ಹೆಣಿಗೆ ಸಡಿಲವಾದಾಗ ಮೇಲಿನ ಅಂಗಗಳು ಯೋನಿಯ ದಾರಿಯಲ್ಲಿ ಕೆಳಗೆ ಜಾರುತ್ತವೆ. ನಾವು ಗರ್ಭ ಜಾರುವುದು ಎನ್ನುತ್ತೇವೆ. ತಮಿಳಿನಲ್ಲಿ ಇದಕ್ಕೆ 'ಅಡಿ ಇರಕ್ಕಂ' ಎಂಬ ಮಾತಿದೆ. ಹಲವು ಹೆರಿಗೆ, ಕಷ್ಟದ ಹೆರಿಗೆ, ಬಾಣಂತನ ಮುಗಿಯುವ ಮುಂಚೆಯೇ ಹೊರೆ ಹೊರುವುದು, ಬಹುಕಾಲದ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ಮೇಲಿನ ದುರ್ಬಲತೆ, ಇವೆಲ್ಲ ಕಾರಣಗಳು. ತಾಳವಾಡಿ ಫಿರ್ಕದ ನಮ್ಮ ಹೆಂಗಸರು ಹೊತ್ತ ನೀರಿನ ಬಿಂದಿಗೆ, ಸೌದೆ ಹೊರೆ, ಕೋಸಿನ ಮೂಟೆ, ಅರಿಸಿನದ ಮೂಟೆಗಳನ್ನು ನೆನೆದರೆ ಹೆಚ್ಚು ವಿವರಿಸಬೇಕಾಗಿಲ್ಲ.

ಸ್ವಲ್ಪ ಜಾರಿದ್ದರೆ ವ್ಯಾಯಾಮದಿಂದ ಅಥವಾ ಒಳಗೆ ಕೂರಿಸುವ ಬಳೆಯಂಥ ಸಾಧನದಿಂದ ನಿಭಾಯಿಸಬಹುದು. ಹೆಚ್ಚು ಜಾರಿದ್ದು ತೊಂದರೆ ಕೊಡುತ್ತಿದ್ದರೆ ಆಪರೇಷನ್. ಅದರಲ್ಲಿ ಕೆಲವರಿಗೆ ಗರ್ಭಕೋಶ ತೆಗೆಯುತ್ತಾರೆ, ಕೆಲವರಿಗೆ ಉಳಿಸಿಕೊಂಡೇ ಮೇಲೆ ಎತ್ತಿ ಕಟ್ಟುತ್ತಾರೆ. ಯೋನಿಯ ಮುಂಗೋಡೆ ಹಿಂಗೋಡೆಗಳನ್ನು ಬಿಗಿ ಮಾಡಿ ಹೊಲಿಯುತ್ತಾರೆ. ಈ ಹೊಲಿಗೆಯ ದಾರ ತಾನಾಗಿಯೇ ಕರಗುವಂಥದು. ಕರಗುವಾಗ ನಾಲ್ಕರಿಂದ ಆರು ವಾರಗಳ ಕಾಲ ಸ್ವಲ್ಪ ಹಳದಿ, ಕಂದು ಅಥವಾ ಕೆನೆ ಬಣ್ಣದ ಸ್ರಾವ ಇರುತ್ತದೆ. ದಾರದ ಚೂರು ಬೀಳುವುದೂ ಉಂಟು. ಇದು ರೋಗವಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಅರ್ಧ ಭಯ ಕಡಿಮೆ.

ನಮ್ಮ ಮನೆಯವರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಆಪರೇಷನ್ ಆಯಿತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಮಾಡಿಸಿದೆವು. ದಿಂಬಂನ ಇಪ್ಪತ್ತೇಳು ತಿರುವುಗಳನ್ನು ಹತ್ತಿ ವಾಪಸು ಬರುವಾಗ ಅವರು ತುಟಿ ಕಚ್ಚಿಕೊಂಡು ಕುಳಿತಿದ್ದರು. ಮನೆಯಲ್ಲಿ ಮೊದಲ ವಾರ ಚೆನ್ನಾಗಿಯೇ ಕಳೆಯಿತು. ಆಪರೇಷನ್ ಆಗಿ ಹದಿಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಂಥರಾ ನವೆ ಕಣ್ರೀ, ತಡ್ಕೊಳಕಾಯ್ತಿಲ್ಲ" ಎಂದರು. ಎಲ್ಲಿ ಎಂದು ಕೇಳಿದೆ. ಮಾತಿಲ್ಲ. ನನಗೆ ಅರ್ಥವಾಯಿತು. ಅರ್ಥವಾಯಿತೆಂದು ತೋರಿಸಿಕೊಳ್ಳದೆ ಔಷಧಿ ಅಂಗಡಿಗೆ ಹೊರಟೆ.

ಅಂಗಡಿಯಲ್ಲಿ ನಮ್ಮೂರಿನವರು ಇಬ್ಬರು ನಿಂತಿದ್ದರು. "ನವೆಗೆ ಒಂದು ಟ್ಯೂಬು ಕೊಡಿ" ಎಂದೆ. ಕೈಗೋ ಕಾಲಿಗೋ ಎಂದು ಕೇಳಿದರು. "ಕಾಲಿಗೆ" ಎಂದೆ. ನಲವತ್ತು ವರ್ಷ ಇನ್ನೊಬ್ಬರ ಚಲನ್‌ನಲ್ಲಿ ಒಂದು ಅಂಕಿ ತಪ್ಪಿದರೂ ವಾಪಸು ಕೊಟ್ಟವನು ನಾನು. ಅಂದು ನಾಚಿಕೆಗಾಗಿ ಸುಳ್ಳು ವಿವರ ಕೊಟ್ಟು ಔಷಧಿ ತಂದೆ. ನಾನು ಮಾಡಿದ ತಪ್ಪು ಇದೇ.

ಆ ಮುಲಾಮು ಹಚ್ಚಿದ ಎರಡು ದಿನ ನವೆ ಅಡಗಿತು. ಮೂರನೆಯ ದಿನ ಉರಿ ಎದ್ದಿತು. ಮೊಸರು ಒಡೆದ ಹಾಗೆ ಬಿಳಿ ಗರಣೆ ಹೋಗತೊಡಗಿತು. ಅದನ್ನೂ ಅವರು ನನಗೆ ಹೇಳಲಿಲ್ಲ. ಐದನೆಯ ರಾತ್ರಿ ನಿದ್ದೆಯಿಲ್ಲದೆ ಎದ್ದು ಕುಳಿತಿದ್ದವರು, "ಹೊಲ್ಗೆ ಬಿಚ್ಕೊಂಡದೆ ಅಂತ ಕಾಣ್ತದೆ. ಅಷ್ಟು ದುಡ್ಡು ಸುರ್ದು ಮಾಡ್ಸುದ್ದೆಲ್ಲ ನೀರ್ಗೆ ಹೋಯ್ತು. ಅದ್ಕೇ ನಾನು ಹೇಳ್ನಿಲ್ಲ" ಎಂದು ಅತ್ತರು. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು.

ಆಸ್ಪತ್ರೆಯಲ್ಲಿ ಇನ್ನೊಂದು ತೊಡಕು ಕಾದಿತ್ತು. ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು. ನಮ್ಮ ಮನೆಯವರಿಗೆ ಸಂತೆಯ ತಮಿಳು ಬರುತ್ತದೆ. ಟೊಮ್ಯಾಟೊ ಚೌಕಾಸಿ ಮಾಡುವಷ್ಟು, ಬಸ್ಸು ಕೇಳುವಷ್ಟು. ಮೈಯೊಳಗಿನ ಕಷ್ಟ ಹೇಳುವ ತಮಿಳು ಅವರಲ್ಲಿ ಇರಲಿಲ್ಲ. "ತಣ್ಣಿ ಪೋಗುದು" ಎಂದರು. ನೀರು ಹೋಗುತ್ತದೆ ಎಂದ ಕೂಡಲೇ ಡಾಕ್ಟರಮ್ಮ ಮೂತ್ರ ಸೋರುತ್ತಿದೆಯೆಂದು ತಿಳಿದು ಗಾಬರಿಯಾದರು. ಈ ಆಪರೇಷನ್ ಆದವರಿಗೆ ಮೂತ್ರ ತಡೆಯಿಲ್ಲದೆ ಸೋರುವುದು ಅಲಕ್ಷಿಸಲಾಗದ ಲಕ್ಷಣ. ಕನ್ನಡ ಬಲ್ಲ ನರ್ಸ್ ಒಬ್ಬರು ನಡುವೆ ಬಂದು ವಿಷಯ ಸರಿಪಡಿಸಿದರು.

ಡಾಕ್ಟರಮ್ಮ ಬೆಳಕು ಹಿಡಿದು ನೋಡಿ ಹೇಳಿದ ಮೊದಲ ಮಾತು, ಹೊಲಿಗೆ ಗಟ್ಟಿಯಾಗಿದೆ ಎಂದು. ಎರಡನೆಯ ಮಾತು, ಇದು 'ಪೂಂಜೈ' ಎಂದು. ಪೂಂಜೈ ಎಂದರೆ ನಮ್ಮ ಬೂಷ್ಟು. ಹತ್ತಿಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆ ಹನಿ ಮಿಕ್ಕ ಜೀವಕಣಗಳನ್ನು ಕರಗಿಸುತ್ತದೆ, ಬೂಷ್ಟಿನ ಎಳೆಗಳು ಮಾತ್ರ ಉಳಿದು ಕಾಣುತ್ತವೆ. ಪರೀಕ್ಷೆ ಸುಲಭ.

ಈ ಬೂಷ್ಟಿನ ಹೆಸರು ಕ್ಯಾಂಡಿಡಾ. ಬ್ರೆಡ್ ಉಬ್ಬಿಸುವ, ಹೆಂಡ ಹುಳಿಯೇರಿಸುವ ಯೀಸ್ಟ್‌ಗಳ ದಾಯಾದಿ ಎನ್ನಬಹುದು. ಇದು ಹೊರಗಿನಿಂದ ಬಂದ ಶತ್ರುವಲ್ಲ. ಎಷ್ಟೋ ಜನರ ಬಾಯಿ, ಕರುಳು, ಯೋನಿಗಳಲ್ಲಿ ಯಾವ ತೊಂದರೆಯನ್ನೂ ಕೊಡದೆ ಸ್ವಲ್ಪಮಟ್ಟಿಗೆ ಇದ್ದೇ ಇರುತ್ತದೆ. ನೂರು ಹೆಂಗಸರಲ್ಲಿ ಸುಮಾರು ಎಪ್ಪತ್ತೈದು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದರ ತೊಂದರೆ ಬರುತ್ತದೆಂದು ವೈದ್ಯರ ಅಂದಾಜು. ಇದನ್ನು ನಡತೆಗೆಟ್ಟವರ ರೋಗವೆಂದು ತಿಳಿಯುವುದು ತಪ್ಪು. ಹೆಂಡತಿಗೆ ಬಂದಿತೆಂದು ಗಂಡನನ್ನೋ, ಗಂಡನಿಗೆ ಬಂದಿತೆಂದು ಹೆಂಡತಿಯನ್ನೋ ಸಂಶಯಿಸಲು ಇದರಲ್ಲಿ ಏನೂ ಇಲ್ಲ.

ಹಾಗಾದರೆ ಸುಮ್ಮನಿದ್ದದ್ದು ಆಪರೇಷನ್ ಆದ ಮೇಲೆಯೇ ಏಕೆ ಹೆಚ್ಚಿತು? ಕಾರಣ ಮೂರು.

ಮೊದಲನೆಯದು, ಗಾಯ ಕೀವಾಗದಿರಲಿ ಎಂದು ಕೊಡುವ ಆ್ಯಂಟಿಬಯಾಟಿಕ್ ಔಷಧಿ. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಜೀವಿಗಳು ವಾಸವಾಗಿವೆ. ಹಾಲನ್ನು ಮೊಸರು ಮಾಡುವ ಜೀವಿಗಳ ಬಳಗ ಇವು. ಹುಳಿ ತಯಾರಿಸಿ, ಜಾಗವನ್ನೆಲ್ಲ ತಾವೇ ತುಂಬಿಕೊಂಡು ಇತರರನ್ನು ಹದ್ದಿನಲ್ಲಿಡುತ್ತವೆ. ಆ್ಯಂಟಿಬಯಾಟಿಕ್ ಕೆಟ್ಟ ಬ್ಯಾಕ್ಟೀರಿಯದ ಜೊತೆಗೆ ಇವನ್ನೂ ಕೊಲ್ಲುತ್ತದೆ. ಬೂಷ್ಟು ಬ್ಯಾಕ್ಟೀರಿಯ ಅಲ್ಲವಾದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಆ ಔಷಧಿಗೆ ಜಗ್ಗದ ಒಂದೇ ಜಾತಿಯ ಕಳೆ ಹೊಲವೆಲ್ಲ ಹಬ್ಬುವುದನ್ನು ರೈತರು ಕಂಡಿದ್ದೀರಿ. ಇಲ್ಲಿ ನಡೆಯುವುದೂ ಅದೇ. ಹಾಗೆಂದು ವೈದ್ಯರು ಬರೆದ ಆ್ಯಂಟಿಬಯಾಟಿಕ್ಕನ್ನು ಅರ್ಧಕ್ಕೆ ನಿಲ್ಲಿಸಬಾರದು. ನವೆ ಬಂತೆಂದು ಅವರಿಗೆ ತಿಳಿಸಬೇಕು.

ಎರಡನೆಯದು, ಸಕ್ಕರೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಬೂಷ್ಟಿಗೆ ಊಟ ಹಾಕಿದಂತೆ. ಮುಟ್ಟು ನಿಂತ ಹೆಂಗಸರಿಗೆ ಈ ಸೋಂಕು ಸಾಮಾನ್ಯವಾಗಿ ಕಡಿಮೆ, ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಈ ವಿನಾಯಿತಿ ಇಲ್ಲ. ಜೊತೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳಿವೆ. ಇವು ಹೆಚ್ಚಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತವೆ. ಒಳ್ಳೆಯ ಮಾತ್ರೆಗಳೇ, ಆದರೆ ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ನಮ್ಮ ಮನೆಯವರು ನುಂಗುತ್ತಿದ್ದ ಮಾತ್ರೆಗಳಲ್ಲಿ ಇದೂ ಒಂದಿತ್ತು. ನೀವಾಗಿ ನಿಲ್ಲಿಸಬೇಡಿ, ಮಾತ್ರೆಯ ಹಾಳೆಯನ್ನೇ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಮೂರನೆಯದು, ತೇವ. ಸ್ರಾವಕ್ಕೆಂದು ಇಡೀ ದಿನ ಕಟ್ಟಿಕೊಂಡ ಬಟ್ಟೆ ಅಥವಾ ಪ್ಯಾಡು, ಓಡಾಟವಿಲ್ಲದೆ ಮಲಗಿದ ಮೈ, ಬೆವರು. ಇದಕ್ಕೆ ನಮ್ಮ ಮನೆಗಳ ಒಂದು ಅಭ್ಯಾಸವೂ ಸೇರುತ್ತದೆ. ಹೆಂಗಸರ ಒಳಬಟ್ಟೆಯನ್ನು ಯಾರಿಗೂ ಕಾಣದಂತೆ ಸೀರೆಯ ಅಡಿಯಲ್ಲೋ ಬಚ್ಚಲ ಮೂಲೆಯಲ್ಲೋ ಹರವುತ್ತಾರೆ. ಅದು ಪೂರ್ತಿ ಒಣಗುವುದೇ ಇಲ್ಲ. ನಮ್ಮ ಬೆಟ್ಟದ ಮೋಡದ ದಿನಗಳಲ್ಲಂತೂ ಕೇಳುವುದೇ ಬೇಡ. ಬಿಸಿಲಿಗೆ ನಾಚಿಕೆಯಿಲ್ಲ, ಬಟ್ಟೆಯನ್ನು ಬಿಸಿಲಿಗೇ ಹಾಕಬೇಕು.

ನಾನು ತಂದ ಮುಲಾಮು ಏಕೆ ಕೆಡುಕು ಮಾಡಿತು ಎಂಬುದನ್ನೂ ಡಾಕ್ಟರಮ್ಮ ಬಿಡಿಸಿ ಹೇಳಿದರು. ಅಂಥ ಟ್ಯೂಬುಗಳಲ್ಲಿ ಮೂರು ಔಷಧಿ ಬೆರೆಸಿರುತ್ತಾರೆ. ಬೂಷ್ಟು ಕೊಲ್ಲುವುದು ಒಂದು, ಆ್ಯಂಟಿಬಯಾಟಿಕ್ ಒಂದು, ಬಲವಾದ ಸ್ಟೀರಾಯ್ಡ್ ಒಂದು. ಸ್ಟೀರಾಯ್ಡ್ ನವೆಯನ್ನು ತಕ್ಷಣ ಅಡಗಿಸುತ್ತದೆ, ಆದ್ದರಿಂದ ವಾಸಿಯಾಯಿತೆಂಬ ಭ್ರಮೆ. ಆದರೆ ಅದು ಆ ಜಾಗದ ರೋಗ ತಡೆಯುವ ಶಕ್ತಿಯನ್ನೂ ಅಡಗಿಸಿ ಬೂಷ್ಟನ್ನು ಬೆಳೆಯಬಿಡುತ್ತದೆ, ದಿನ ಕಳೆದಂತೆ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಚೀಟಿಯಿಲ್ಲದೆ ಇಂಥದನ್ನು ಕೇಳಲೂ ಬಾರದು, ಕೊಡಲೂ ಬಾರದು.

ಚಿಕಿತ್ಸೆಯ ಬಗ್ಗೆ ಎರಡು ಮಾತು. ಸಾಮಾನ್ಯ ಕಾಲದಲ್ಲಿ ಇದಕ್ಕೆ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ ಅಥವಾ ಮುಲಾಮು ಕೊಡುತ್ತಾರೆ. ನುಂಗುವ ಫ್ಲುಕೋನಜೋಲ್ ಮಾತ್ರೆಯೂ ಇದೆ. ಆದರೆ ಈ ಆಪರೇಷನ್ ಆದ ಮೇಲೆ ಸುಮಾರು ಆರು ವಾರ, ವೈದ್ಯರು ಹೇಳುವವರೆಗೆ, ಯೋನಿಯೊಳಗೆ ಯಾವುದನ್ನೂ ಇಡುವಂತಿಲ್ಲ. ಹಸಿ ಹೊಲಿಗೆಗೆ ಬೆರಳೋ ಔಷಧಿ ತಳ್ಳುವ ಕೊಳವೆಯೋ ತಾಗಿದರೆ ಪೆಟ್ಟಾಗಬಹುದು. ಆದ್ದರಿಂದ ಹಿಂದೆ ಯಾವಾಗಲೋ ಬರೆದುಕೊಟ್ಟ ಒಳಮಾತ್ರೆ ಮನೆಯಲ್ಲಿದೆ ಎಂದು ಉಪಯೋಗಿಸಬಾರದು. ಆಪರೇಷನ್ ಮಾಡಿದವರನ್ನೇ ಕೇಳಬೇಕು.

ನಮ್ಮ ಮನೆಯವರಿಗೆ ಫ್ಲುಕೋನಜೋಲ್ 150 ಮಿಲಿಗ್ರಾಂ ಮಾತ್ರೆ, ಮೂರು ದಿನಕ್ಕೊಂದರಂತೆ ಮೂರು ಕೊಟ್ಟರು. ಸಕ್ಕರೆ ಕಾಯಿಲೆ ಇಲ್ಲದವರಿಗೆ ಒಂದೇ ಸಾಕಾಗಬಹುದು. ಅದಕ್ಕೆ ಮುಂಚೆ ಅವರ ಎಲ್ಲ ಮಾತ್ರೆಗಳನ್ನೂ ಕೇಳಿ ಬರೆದುಕೊಂಡರು. ಏಕೆಂದರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಮಾತ್ರೆಗಳ ಜೊತೆ ಇದು ಸೇರಿದರೆ ಸಕ್ಕರೆ ತೀರ ಇಳಿದು ತಲೆಸುತ್ತಬಹುದು. ರಕ್ತ ಹೆಪ್ಪುಗಟ್ಟದಿರಲು ಕೊಡುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ. ಬಸುರಿಯರು ಇದನ್ನು ತಾವಾಗಿ ನುಂಗಲೇಬಾರದು. ಮೂರು ದಿನಕ್ಕೆ ನವೆ ಇಳಿಯಿತು. ಹತ್ತು ದಿನಕ್ಕೆ ಎಲ್ಲ ಸರಿಹೋಯಿತು.

ಈ ಬೂಷ್ಟಿಗೆ ಸರಿಯಾದ ಔಷಧಿ ಸಿಕ್ಕಿದ ಕಥೆಯೂ ಕೇಳುವಂಥದು. 1940ರ ದಶಕದಲ್ಲಿ ಆ್ಯಂಟಿಬಯಾಟಿಕ್ಕುಗಳು ಬಳಕೆಗೆ ಬಂದಾಗ ಜೀವಗಳು ಉಳಿದವು, ಜೊತೆಗೆ ಬೂಷ್ಟಿನ ಸೋಂಕುಗಳೂ ಹೆಚ್ಚಿದವು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಮಣ್ಣಿನಲ್ಲಿ ಮದ್ದು ಹುಡುಕಿದರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಾದರಿಗಳನ್ನು ಗಾಜಿನ ಭರಣಿಗಳಲ್ಲಿ ಅಂಚೆಯ ಮೂಲಕ ಕಳಿಸಿಕೊಳ್ಳುತ್ತಿದ್ದರು. ವರ್ಜೀನಿಯದ ಒಂದು ತೋಟದ ಮಣ್ಣಿನಲ್ಲಿದ್ದ ಜೀವಿಯೊಂದರಿಂದ ದೊರೆತ ಮದ್ದನ್ನು 1950ರಲ್ಲಿ ಪ್ರಕಟಿಸಿದರು. ತಮ್ಮ ರಾಜ್ಯದ ಹೆಸರಿನಿಂದಲೇ ಅದಕ್ಕೆ ನಿಸ್ಟಾಟಿನ್ ಎಂದು ಹೆಸರಿಟ್ಟರು. ಬಂದ ಗೌರವಧನವನ್ನು ತಾವು ಇಟ್ಟುಕೊಳ್ಳದೆ ವಿಜ್ಞಾನದ ಕೆಲಸಕ್ಕೇ ಕೊಟ್ಟರು.

ಇನ್ನು ಮನೆಮದ್ದು. ಮೊಸರು, ಬೆಳ್ಳುಳ್ಳಿ, ಬೇವಿನ ಸೊಪ್ಪಿನ ಅರೆ, ಅರಿಸಿನ, ಉಪ್ಪುನೀರು, ಗಾಯ ತೊಳೆಯುವ ಔಷಧಿ, ಇವು ಯಾವುದನ್ನೂ ಒಳಗೆ ಹಾಕಬಾರದು, ಒಳಗೆ ತೊಳೆಯಲೂಬಾರದು. ಅರಿಸಿನ ಬೆಳೆಯುವ ಊರಿನವನಾಗಿ ಅರಿಸಿನದ ಮೇಲೆ ನನಗೂ ಅಭಿಮಾನವಿದೆ. ಆದರೂ ಹಸಿ ಹೊಲಿಗೆ ಅದರ ಜಾಗವಲ್ಲ. ಹೊರಭಾಗವನ್ನು ಬರಿಯ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿದರೆ ಸಾಕು. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಸಡಿಲವಾದ ಹತ್ತಿಬಟ್ಟೆ ಉಡಬೇಕು. ಪ್ಯಾಡನ್ನು ಒದ್ದೆಯಾಗುವವರೆಗೆ ಕಾಯದೆ ಬದಲಿಸಬೇಕು. ಮಜ್ಜಿಗೆ ಕುಡಿಯುವುದು ಒಳ್ಳೆಯದೇ, ಆದರೆ ಅದನ್ನೇ ಔಷಧಿ ಎಂದು ನಂಬಿ ಕೂರಬಾರದು. ಮಲಬದ್ಧತೆಯಾಗದಂತೆ ಸೊಪ್ಪು, ಕಾಳು, ಸಾಕಷ್ಟು ನೀರು ಬೇಕು. ಮುಕ್ಕರಿದರೆ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ತುಂಬಿದ ಬಿಂದಿಗೆಯನ್ನು ವೈದ್ಯರು ಹೇಳುವವರೆಗೆ ಎತ್ತಲೇಬಾರದು. ಮನೆಯಲ್ಲಿ ಗಂಡಸರಿದ್ದಾರೆ, ಅವರಿಗೂ ಸೊಂಟವಿದೆ.

ಎಲ್ಲ ಬಿಳಿ ಸೆರಗೂ ಬೂಷ್ಟಲ್ಲ ಎಂಬುದು ನೆನಪಿರಲಿ. ಬೂಷ್ಟಾದರೆ ನವೆ ಹೆಚ್ಚು, ಗರಣೆ ಗಟ್ಟಿ, ನಾತ ಇಲ್ಲವೆಂದೇ ಹೇಳಬೇಕು. ಮೀನಿನ ನಾತದ ತೆಳು ಬೂದು ಸ್ರಾವ, ನೊರೆನೊರೆಯಾದ ಹಸಿರು ಸ್ರಾವ ಇವು ಬೇರೆ ಸೋಂಕುಗಳು, ಇವಕ್ಕೆ ಔಷಧಿಯೂ ಬೇರೆ. ಮುಂದೆ ಹೇಳುವ ಲಕ್ಷಣಗಳಿದ್ದರೆ ನಾಳೆಗೆ ಎಂದು ಕಾಯಬಾರದು: ಚಳಿಜ್ವರ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೈಕಾವು; ಕೆಟ್ಟ ನಾತದ ಕೀವು; ಗಂಟೆಗೊಂದು ಪ್ಯಾಡು ತೊಯ್ಯುವಷ್ಟು ಹೊಸ ರಕ್ತ; ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು; ಮೂತ್ರ ಕಟ್ಟುವುದು ಅಥವಾ ತಡೆಯಿಲ್ಲದೆ ಸೋರುವುದು; ಒಂದು ಕಾಲಿನ ಮೀನಖಂಡದಲ್ಲಿ ಊತ ನೋವು; ಏದುಸಿರು. ಇಂಥ ಹೊತ್ತಿನಲ್ಲಿ 108ಕ್ಕೆ ಫೋನು ಮಾಡಿ. ಗಡಿಯ ಈಚೆಗೂ ಆಚೆಗೂ ಅದೇ ಸಂಖ್ಯೆ.

ಗಡಿಯಲ್ಲಿರುವ ನಮಗೆ ಆಸ್ಪತ್ರೆ ಒಮ್ಮೆ ಸತ್ಯಮಂಗಲ, ಒಮ್ಮೆ ಚಾಮರಾಜನಗರ. ಆದ್ದರಿಂದ ಎರಡು ಭಾಷೆಯ ಈ ಕೆಲವು ಮಾತುಗಳು ಹೆಂಗಸರ ಬಾಯಲ್ಲಿರಬೇಕು. ನಮ್ಮ ನವೆ ತಮಿಳಿನಲ್ಲಿ 'ಅರಿಪ್ಪು'. ಉರಿ ಎಂಬುದಕ್ಕೆ 'ಎರಿಚ್ಚಲ್'. ಬಿಳಿ ಸೆರಗಿಗೆ 'ವೆಳ್ಳೈಪಡುದಲ್'. ಮೊಸರಿನ ಹಾಗೆ ಎನ್ನಲು 'ತಯಿರ್ ಮಾದಿರಿ'. ಕೆಟ್ಟ ನಾತಕ್ಕೆ 'ದುರ್ನಾಟ್ರಂ'. ಹೊಲಿಗೆಗೆ 'ತೈಯಲ್'. ಹೇಳಲು ಸಂಕೋಚವಾದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಜೊತೆಗೆ ಆಪರೇಷನ್ ಆದ ತಾರೀಖು, ನವೆ ಶುರುವಾದ ತಾರೀಖು, ನುಂಗುವ ಎಲ್ಲ ಮಾತ್ರೆಗಳ ಹೆಸರು. ಇಷ್ಟಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಸಕ್ಕರೆ, ರಕ್ತದೊತ್ತಡದ ಮಾತ್ರೆಗಳನ್ನು ಮನೆ ಬಾಗಿಲಿಗೆ ತರುವವರು ಹೆಂಗಸರೇ. ಗಂಡನಿಗೆ ಹೇಳಲಾಗದ್ದನ್ನು ಅವರಿಗಾದರೂ ಹೇಳಬಹುದು.

ಹೇಳದೆ ಸಹಿಸುವುದು ನಮ್ಮ ಬೆಟ್ಟದ ಹೆಂಗಸರಿಗಷ್ಟೇ ಬಂದ ಕಷ್ಟವಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್ ದಂಪತಿ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ, ವರದಿಯನ್ನು 1989ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ಆ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ಉಳಿದವರು ಹೊಲಕ್ಕೆ ಹೋಗಿ, ನೀರು ಹೊತ್ತು, ಅಡುಗೆ ಮಾಡಿಕೊಂಡು ಸುಮ್ಮನಿದ್ದರು. ನಮ್ಮ ಮನೆಯವರು ಐದು ರಾತ್ರಿ ಸುಮ್ಮನಿದ್ದ ಹಾಗೆ.

ಆ ಐದು ರಾತ್ರಿಗಳಲ್ಲಿ ಅವರನ್ನು ಹೆಚ್ಚು ಸುಟ್ಟದ್ದು ಆ ಉರಿಯಲ್ಲ, ದುಡ್ಡು ದಂಡವಾಯಿತು, ತಾನೇ ಕೆಡಿಸಿಕೊಂಡೆ ಎಂಬ ಯೋಚನೆ. ಅದು ಸುಳ್ಳು ಯೋಚನೆ ಎಂದು ಒಂದು ಪರೀಕ್ಷೆಯಿಂದ ಗೊತ್ತಾಗುತ್ತಿತ್ತು. ನಾನು ಅಂಗಡಿಯಲ್ಲಿ ನಿಜ ಹೇಳಿದ್ದರೆ, ಅಥವಾ ಅಂಗಡಿಗೆ ಹೋಗದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ, ಐದು ರಾತ್ರಿಯೂ ಉಳಿಯುತ್ತಿತ್ತು. ಆದ್ದರಿಂದ ಗಂಡಸರಲ್ಲಿ ನನ್ನ ವಿನಂತಿ ಇಷ್ಟೆ. ಆಪರೇಷನ್ ಆಗಿ ಮನೆಗೆ ಬಂದವರನ್ನು ಊಟ ಆಯಿತಾ ಎಂದು ಕೇಳುವಂತೆಯೇ ನವೆ ಇದೆಯಾ, ಉರಿ ಇದೆಯಾ ಎಂದೂ ಕೇಳಿ. ಅವರು ಉತ್ತರ ಹೇಳುವವರೆಗೆ ಅಲ್ಲೇ ಕುಳಿತಿರಿ.

ಮೂರು ತಿಂಗಳಿಗೆ ಮತ್ತೆ ತೋರಿಸಿದಾಗ ಹೊಲಿಗೆ ಪೂರ್ತಿ ಮಾಗಿದೆ ಎಂದರು. ಸಕ್ಕರೆಯ ಮಾತ್ರೆಯನ್ನು ವೈದ್ಯರೇ ಬದಲಿಸಿಕೊಟ್ಟಿದ್ದಾರೆ. ನಮ್ಮ ಮನೆಯವರು ಈಗ ಆರಾಮವಾಗಿದ್ದಾರೆ. ನೀರಿನ ಬಿಂದಿಗೆ ಮಾತ್ರ ನನ್ನ ಪಾಲಿಗೇ ಉಳಿದಿದೆ.